ಮೇಸ್ತ್ರಿಯ ಅಭ್ಯಾಸಬಲ

ದೊಡ್ಡಬಳ್ಳಾಪುರದಂತಹ ನೇಕಾರಿಕೆಯ ಊರುಗಳಲ್ಲಿ, ಲಾಳಿ ಹೊಡೆಯುವ ವಿದ್ಯುತ್ ಮಗ್ಗಗಳ ನಡುವೆ ಮೂರು ದಶಕ ಸವೆಸಿ, ‘ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ’ ಎಂಬ ಒಂದೇ ಮಾತಿನಿಂದ ವೈದ್ಯಶಾಸ್ತ್ರದ ಬಾಯಿ ಮುಚ್ಚಿಸುವ ಹಿರಿಯ ಮೇಸ್ತ್ರಿಯನ್ನು ಒಂದು ಪ್ರತ್ಯೇಕ ವರ್ಗವೆಂದೇ ಪರಿಗಣಿಸಬೇಕಾಗುತ್ತದೆ. ಪಾಳಿ ಮುಗಿದ ಮೇಲೆ ಕಿವಿ ಗುಂಯ್‌ಗುಡುವುದನ್ನು ಆತ ಎಳೆಯ ಕೆಲಸಗಾರರ ದೌರ್ಬಲ್ಯವೆಂದೂ, ತನಗೆ ಹಾಗಾಗದಿರುವುದನ್ನು ಅನುಭವ ತಂದುಕೊಟ್ಟ ಬಿರುದೆಂದೂ ಭಾವಿಸುತ್ತಾನೆ. ವಾಸ್ತವದಲ್ಲಿ, ಒಳಕಿವಿಯ ಸುರುಳಿಯಾಕಾರದ ಕಾಕ್ಲಿಯಾದಲ್ಲಿ ಸದ್ದನ್ನು ನರಸಂಕೇತವಾಗಿ ಮಾರ್ಪಡಿಸುವ ರೋಮಕೋಶಗಳು ಅತಿಯಾದ ಶಬ್ದಕ್ಕೆ ಸಿಕ್ಕು ಕ್ರಮೇಣ ಸಾಯುತ್ತವೆ, ಮನುಷ್ಯರಲ್ಲಿ ಅವು ಮರಳಿ ಹುಟ್ಟುವುದಿಲ್ಲ; ಮೇಸ್ತ್ರಿ ಅಭ್ಯಾಸವೆಂದು ಹೆಮ್ಮೆಪಡುವುದು ಈ ಸಾವುಗಳ ಒಟ್ಟು ಮೊತ್ತವನ್ನು.

ಹಾನಿ ಮೊದಲು ಕಾಣಿಸಿಕೊಳ್ಳುವುದು ಸುಮಾರು 4000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಾರಿ ಕಂಪಿಸುವ ತೀಕ್ಷ್ಣ ದನಿಗಳಲ್ಲಿ. ಸ, ಶ ಮುಂತಾದ ವ್ಯಂಜನಗಳು ಮಸುಕಾಗಿ ಸ್ವರಗಳು ಉಳಿದುಕೊಳ್ಳುವುದರಿಂದ, ಮನೆಯಾಕೆ ‘ರೀ, ಸೊಪ್ಪು ತನ್ನಿ’ ಎಂದರೆ ಆತ ಉಪ್ಪು ತರುತ್ತಾನೆ, ಮತ್ತು ಈಗಿನ ಕಾಲದಲ್ಲಿ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲವೆಂದು ಲೋಕವನ್ನೇ ಆಕ್ಷೇಪಿಸುತ್ತಾನೆ. ಶೆಡ್ಡಿನಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಎಲ್ಲರದೂ ತುಟಿ ನೋಡಿ, ಕೈಸನ್ನೆಯಿಂದ ನಡೆಯುವ ಸಂಭಾಷಣೆಯಾದ್ದರಿಂದ ಆತನ ಕಿವುಡು ಬಯಲಾಗುವುದೇ ಇಲ್ಲ.

ಶಬ್ದದ ತೀವ್ರತೆಯ ಅಳತೆಯಾದ ಡೆಸಿಬೆಲ್ಲಿನೊಂದಿಗೂ ಆತ ಚೌಕಾಸಿಗೆ ಇಳಿಯುತ್ತಾನೆ. ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಮಿತಿ ಹಾಕಿದ್ದು, ಮಗ್ಗಗಳು 100ರ ಹತ್ತಿರ ಅಬ್ಬರಿಸಿದರೆ ‘ಹತ್ತು ತಾನೇ ಜಾಸ್ತಿ’ ಎನ್ನುತ್ತಾನೆ; ಈ ಅಳತೆಯಲ್ಲಿ ಹತ್ತು ಏರಿದರೆ ತೀವ್ರತೆ ಹತ್ತು ಪಟ್ಟಾಗುತ್ತದೆಂಬ ಗಣಿತ ಚೌಕಾಸಿಗೆ ಬಗ್ಗುವಂಥದಲ್ಲ. ಕೊಟ್ಟ ಇಯರ್‌ಪ್ಲಗ್ಗುಗಳು ಅಂಗಿಯ ಜೇಬಿನಲ್ಲಿದ್ದು, ತಪಾಸಣೆಯ ದಿನದಂದು ಕಿವಿಗೆ ಬಡ್ತಿ ಪಡೆಯುತ್ತವೆ. ಉಳಿದ ದಿನಗಳಲ್ಲಿ, ಸದ್ದನ್ನು ತಡೆಯುವುದಕ್ಕಿಂತ ತಡೆದಂತೆ ತೋರಿಸುವ ಹತ್ತಿಯ ಉಂಡೆಯೇ ಸಾಕು. ಪ್ಲಗ್ ಹಾಕಿದರೆ ಮಗ್ಗ ಕೆಟ್ಟ ಸದ್ದು ಕೇಳಿಸದೆಂಬ ಆತನ ವಾದವನ್ನು ಮಾತ್ರ ನಕ್ಕು ತಳ್ಳುವಂತಿಲ್ಲ: ಆರೋಗ್ಯವಂತ ಕಿವಿಗೆ ಆ ವ್ಯತ್ಯಾಸ ಪ್ಲಗ್ಗಿನ ಮೂಲಕವೂ ಹೆಚ್ಚಾಗಿ ತಿಳಿಯುತ್ತದೆ, ಆಗಲೇ ಹಾಳಾದ ಕಿವಿಗೆ ನಿಜಕ್ಕೂ ಕಷ್ಟ. ಅದಕ್ಕಾಗಿಯೇ ರಕ್ಷಣೆ ಕೆಲಸದ ಮೊದಲ ದಿನದಿಂದ ಇರಬೇಕು.

ಇಷ್ಟಾದರೂ ತಪ್ಪೆಲ್ಲ ಮೇಸ್ತ್ರಿಯದೆನ್ನುವುದು ಅನ್ಯಾಯ. ಮಗ್ಗದ ಕೆಳಗೆ ರಬ್ಬರ್ ಮೆತ್ತೆ, ಸವೆದ ಭಾಗಗಳ ದುರಸ್ತಿ, ಗೋಡೆಗೆ ಸದ್ದು ಹೀರುವ ಹೊದಿಕೆ, ಕೆಲಸಗಾರರಿಗೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ, ಇವೆಲ್ಲ ಮಾಲೀಕನ ಕೈಯಲ್ಲಿರುವ ಕೆಲಸಗಳು. ಅವನ್ನು ಬಿಟ್ಟು ಪ್ಲಗ್ ಹಂಚಿ ಕೈತೊಳೆದುಕೊಳ್ಳುವ ಮಾಲೀಕ ತನ್ನ ಲೆಕ್ಕಪತ್ರದ ಕೋಣೆಗೆ ಮಾತ್ರ ದಪ್ಪ ಗಾಜಿನ ಬಾಗಿಲನ್ನು ಎಂದೋ ಹಾಕಿಸಿಕೊಂಡಿರುತ್ತಾನೆ.