ಗೆದ್ದವನಿಗೆ ಗೇಟ್‌ಪಾಸ್

ಮ್ಯಾಂಚೆಸ್ಟರಿನ ಬೆಲ್ ವ್ಯೂ ಸ್ಪೀಡ್‌ವೇ. ನಾಲ್ಕು ಬೈಕು, ನಾಲ್ಕು ಸುತ್ತು, ಬ್ರೇಕೇ ಇಲ್ಲ. ಮೆಥನಾಲ್ ವಾಸನೆಯಲ್ಲಿ ಇಬ್ಬರು ಹಳೇ ಅಭಿಮಾನಿಗಳು ಪೆನ್ಸಿಲ್ ಹಿಡಿದು ಅಂಕ ಬರೆಯುತ್ತಿದ್ದರು.

“ನಮ್ಮ ಹುಡುಗನ ಸರಾಸರಿ ಏರಿದೆ!”

“ಅಯ್ಯೋ ಪಾಪ, ಮುಂದಿನ ವರ್ಷ ಹೊರಗೆ.”

“ಗೆದ್ದಿದ್ದಕ್ಕೆ ಶಿಕ್ಷೆಯೇ?”

“ತಂಡದ ಒಟ್ಟು ಸರಾಸರಿಗೆ ಮಿತಿ ಇದೆಯಲ್ಲ ಮಾರಾಯ. ಹದವಾಗಿ ಸೋಲಬೇಕಿತ್ತು.”

ಈ ಲೆಕ್ಕ ತಂಡಗಳನ್ನು ಸಮಬಲವಾಗಿಡಲು. ತಲೆನೋವನ್ನಂತೂ ಸಮನಾಗಿ ಹಂಚಿದೆ.

“ಯಾರಾದರೂ ಬಿದ್ದು ಗಾಯಗೊಂಡರೆ?”

“ಬೇರೆ ಕ್ಲಬ್ಬಿನವನನ್ನು ಅತಿಥಿಯಾಗಿ ಕರೆಸುತ್ತಾರೆ. ನಿನ್ನೆ ಬೈದವನಿಗೇ ಇವತ್ತು ಚಪ್ಪಾಳೆ.”

“ವುಲ್ವರ್‌ಹ್ಯಾಂಪ್ಟನ್ ಕ್ಲಬ್ಬಿನಿಂದ ಕರೆಸಬಹುದೇ?”

“2023ರಲ್ಲಿ ಅಲ್ಲಿನ ಕ್ರೀಡಾಂಗಣದಿಂದ ಬೈಕು ಹೊರಬಿತ್ತು, ನಾಯಿಯೋಟ ಉಳಿಯಿತು.”

“ಪೀಟರ್‌ಬರೋ?”

“ಅದೇ ವರ್ಷ ಟ್ರ್ಯಾಕೇ ಕೈತಪ್ಪಿತು.”

“ಕಾವೆಂಟ್ರಿ?”

“2016ರ ನಂತರ ಅವರ ಬ್ರ್ಯಾಂಡನ್ ಟ್ರ್ಯಾಕಿನಲ್ಲಿ ಕ್ಲಬ್ಬಿನ ರೇಸೇ ಇಲ್ಲ.”

“ಅಗೋ, ಮಳೆ!”

“ಪಂದ್ಯ ರದ್ದಾದರೆ ಹುಡುಗ ಬಚಾವು. ಇವತ್ತೂ ಗೆಲ್ಲುವ ಅಪಾಯವಿತ್ತು.”