ಲಾರಿಯ ಬೆನ್ನಿಗೊಂದು ಗಾರ್ಡು

ರಾಯರೇ, ಹೊಸ ಕಾರಿಗೆ ಆರು ಏರ್‌ಬ್ಯಾಗ್ ಇದೆ ಅಂದಿರಲ್ಲ, ಸಂತೋಷ. ಆದರೂ ರಾತ್ರಿ ಹುಬ್ಬಳ್ಳಿ ಕಡೆ ಹೊರಟಾಗ ನಿಮ್ಮ ಜೀವ ಅರ್ಧ ನಿಮ್ಮ ಕಾರಿನಲ್ಲಿರುತ್ತೆ, ಇನ್ನರ್ಧ ಮುಂದೆ ಹೋಗೋ ಲಾರಿಯ ಹಿಂಭಾಗದಲ್ಲಿ.

ಕಾರಿನ ಮೂತಿಯನ್ನು ನಜ್ಜುಗುಜ್ಜಾಗಲಿ ಅಂತಲೇ ಮಾಡಿರ್ತಾರೆ. ಏಟಿನ ಜೋರು ಅದು ನುಂಗಿಕೊಂಡರೆ ಒಳಗಿದ್ದವರು ಉಳೀತಾರೆ. ಆದರೆ ಲಾರಿಯ ಬಾಡಿ ಇರೋದು ಬಾನೆಟ್ಟಿಗಿಂತ ಎತ್ತರದಲ್ಲಿ. ಹಿಂದಿನಿಂದ ಗುದ್ದಿದರೆ ಮೂತಿಗೆ ಏನೂ ತಾಗದೆ ಕಾರು ಸೀದಾ ಅಡಿಗೆ ನುಗ್ಗುತ್ತೆ. ಮೊದಲು ಏಟು ಬೀಳೋದು ಗಾಜಿಗೆ, ಆಮೇಲೆ ತಲೆಗೆ. ಚಾವಣಿಯೇ ಕಿತ್ತುಹೋದ ಮೇಲೆ ಏರ್‌ಬ್ಯಾಗ್ ಏನು ಮಾಡೀತು?

ಅದಕ್ಕೇ ಲಾರಿಯ ಹಿಂದೆ ತಗ್ಗಿನಲ್ಲಿ ಅಡ್ಡ ಗಾರ್ಡು ಬೇಕು. ಅಮೆರಿಕದಲ್ಲಿ ಅದನ್ನ ಮ್ಯಾನ್ಸ್‌ಫೀಲ್ಡ್ ಬಾರ್ ಅಂತಾರೆ. 1967ರ ಜೂನ್‌ನಲ್ಲಿ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಇದ್ದ ಕಾರು ಲೂಸಿಯಾನಾದಲ್ಲಿ ಟ್ರೇಲರ್ ಅಡಿಗೆ ನುಗ್ಗಿತು. ಆಕೆಯೂ ಸೇರಿ ಮುಂದೆ ಕೂತಿದ್ದ ಮೂವರೂ ಹೋದರು. ಹಿಂದಿನ ಸೀಟಿನಲ್ಲಿದ್ದ ಆಕೆಯ ಮೂವರು ಮಕ್ಕಳು ಬದುಕಿಕೊಂಡರು. ಅಷ್ಟಾದರೂ, ಗಾರ್ಡು ನೆಲದಿಂದ 56 ಸೆಂಟಿಮೀಟರಿಗಿಂತ ಮೇಲಿರಬಾರದು, ಗಟ್ಟಿಯಾಗಿರಬೇಕು ಅನ್ನೋ ನಿಯಮ ಅಲ್ಲಿನ ಹೊಸ ಟ್ರೇಲರ್‌ಗಳಿಗೆ ಜಾರಿಯಾದದ್ದು 1998ರಲ್ಲಿ. ಮೂವತ್ತು ವರ್ಷ ಕಾಯಿಸಿದರಲ್ಲ, ನನಗೆ ಸಿಟ್ಟು ಬರೋದು ಅಲ್ಲೇ.

ನಮ್ಮಲ್ಲೂ ಹಿಂದೆ ಗಾರ್ಡು ಕಡ್ಡಾಯ, ಪಕ್ಕದಲ್ಲೂ ಕಡ್ಡಾಯ. ಪಕ್ಕದ್ದು ಬೈಕಿನವರು, ನಡೆದು ಹೋಗೋರು ಹಿಂದಿನ ಚಕ್ರಕ್ಕೆ ಸಿಗದಿರಲಿ ಅಂತ. ರಸ್ತೆಯಲ್ಲಿ ನೋಡಿದರೆ ಕೆಲವಕ್ಕೆ ಗಾರ್ಡು ಬಾಗಿ ಮೇಲೆದ್ದಿರುತ್ತೆ, ಕೆಲವಕ್ಕೆ ತೆಳು ಪೈಪನ್ನ ಬೆಸುಗೆ ಹಾಕಿ ಬಣ್ಣ ಬಳಿದಿರ್ತಾರೆ. ರೇಡಿಯಂ ಪಟ್ಟಿ ಮೇಲೆ ಕೆಸರು. ಅಂಥಾ ಲಾರಿ ಕತ್ತಲಲ್ಲಿ ಟೈರ್ ಪಂಕ್ಚರ್ ಆಗಿ ಅಂಚಿನಲ್ಲಿ ನಿಂತಿದ್ದರೆ, ನಿಧಾನಕ್ಕೆ ಬರೋ ಕಾರಿನವನಿಗೂ ಗಂಡಾಂತರ ತಪ್ಪಿದ್ದಲ್ಲ.

ಡ್ರೈವರನ್ನ ಮಾತ್ರ ಬೈಬೇಡಿ. ಗಾರ್ಡು ಹಾಕಿಸಬೇಕಾದವರು ಮಾಲೀಕರು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೊಡೋವಾಗ ಬಗ್ಗಿ ನೋಡಬೇಕಾದವರು ಆರ್‌ಟಿಒದವರು.

ನಿಮ್ಮ ಭಾವಮೈದುನರದ್ದು ಎರಡು ಟಿಪ್ಪರ್ ಇದೆಯಲ್ಲ? ಈ ಸಲ ಬಂದಾಗ ಹೇಳಿ: ಗಾರ್ಡು ಬಾಗಿದ್ದರೆ ಬಡಿದು ನೆಟ್ಟಗೆ ಮಾಡಿಸೋದು ಬೇಡ, ಮಾನಕಕ್ಕೆ ಒಪ್ಪಿದ ಹೊಸದನ್ನೇ ಹಾಕಿಸಲಿ. ನಾನು ಹೇಳಿದೆ ಅಂತಲೇ ಹೇಳಿ, ಬೇಜಾರು ಮಾಡಿಕೊಂಡರೂ ಚಿಂತೆಯಿಲ್ಲ.