ನನ್ನ ಇಳಕಲ್ ಸೀರೆ ಉಟ್ಟ ತಮ್ಮನಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ಓದಲಿಕ್ಕೆಂದು ದೇವದುರ್ಗದಿಂದ ರಾಯಚೂರಿಗೆ ಬಂದು ನಮ್ಮ ಓಣಿಯಲ್ಲೇ ರೂಮು ಮಾಡಿಕೊಂಡಿದ್ದೀಯ. ಈ ಮಾತನ್ನು ಬಾಗಿಲಲ್ಲಿ ನಿಂತೇ ಹೇಳಬಹುದಿತ್ತು. ಎರಡು ಸಲ ಬಾಯಿತನಕ ಬಂತು. ನೀನು ‘ಪರೀಕ್ಷಾ ಅದ, ಬರ್ತೀನ್ರಿ ಅಕ್ಕಾ’ ಎಂದು ಹೊರಟುಬಿಟ್ಟೆ. ಆಮೇಲೆ ಯೋಚಿಸಿದರೆ ಇದು ನಿನ್ನೊಬ್ಬನಿಗೇ ಹೇಳುವ ಮಾತಲ್ಲ ಅನ್ನಿಸಿತು. ಹೋಳಿಯಲ್ಲಿ, ಗಣಪತಿ ಕೂಡಿಸಿದ ಪೆಂಡಾಲಿನಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ ಅಕ್ಕನದೋ ಅತ್ತಿಗೆಯದೋ ಸೀರೆ ಉಟ್ಟು ನಗಿಸುವ ತಮ್ಮಂದಿರು ಊರೂರಿಗೂ ಇದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಕಾಲೇಜಿನ ಹೆಸರೂ ಬರೆದಿಲ್ಲ.

ಸೀರೆ ಕೇಳಲು ಬಂದ ದಿನ ನಿನಗೆ ನೆನಪಿರಬೇಕು. ‘ಅಕ್ಕಾ, ಒಂದು ಸೀರಿ ಕೊಡ್ರಿ, ಗ್ಯಾದರಿಂಗ್‌ನಾಗ ನಂದು ಹೆಂಡ್ತಿ ಪಾರ್ಟ್ ಅದ’ ಅಂದೆ. ನಾನು ಟ್ರಂಕಿನಿಂದ ತೆಗೆದದ್ದು ಟೋಪ್ ತೆನಿ ಸೆರಗಿನ ಇಳಕಲ್ ಸೀರೆ, ನಮ್ಮವ್ವ ಉಟ್ಟು ನನಗೆ ಬಿಟ್ಟುಹೋದದ್ದು. ನೀನು ಕನ್ನಡಿ ಮುಂದೆ ನಿಂತು ನಿರಿಗೆ ಹಿಡಿಯಲು ಮೂರು ಸಲ ನೋಡಿದೆ, ಮೂರು ಸಲವೂ ಬೆರಳಿಂದ ಜಾರಿತು. ನಾಲ್ಕನೆಯ ಸಲ ನಾನೇ ಹಿಡಿದು, ಸಿಕ್ಕಿಸಿ, ಪಿನ್ನು ಹಾಕಿದೆ. ನೀನು ಎರಡು ಹೆಜ್ಜೆ ಇಡುವುದರೊಳಗೆ ಎಡವಿದೆ. ‘ಇದನ್ನ ಉಟ್ಕೊಂಡು ದಿನಾ ಹೆಂಗ ಓಡಾಡ್ತೀರಿ ಅಕ್ಕಾ?’ ಎಂದು ಕೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಸೀರೆ ಉಟ್ಟ ಗಂಡಸು ಎಡವಿದರೆ ನಗು ಬರುವುದು ಅವನ ಕಾಲು ನೋಡಿ. ಸೀರೆ ಎಷ್ಟು ಕಷ್ಟದ್ದು ಎಂಬುದೂ ಆ ನಗೆಯೊಳಗೆ ಇರುತ್ತದೆ.

ಗ್ಯಾದರಿಂಗಿನ ಸಂಜೆ ಮಗಳನ್ನು ಕರೆದುಕೊಂಡು ಬಂದೆ. ಅವಳು ಒಂಬತ್ತನೆಯ ತರಗತಿ. ನೀನು ರಂಗಕ್ಕೆ ಬಂದಾಗ ‘ಅವ್ವಾ, ನಮ್ಮ ಸೀರಿ!’ ಎಂದು ಕೈ ತೋರಿಸಿದಳು. ಆಮೇಲೆ ನಿನ್ನ ಎದೆಯೊಳಗಿದ್ದ ಎರಡು ಬಲೂನು ಕಂಡವು. ದನಿ ಕೀರಲಾಯಿತು. ಗಂಡನ ಪಾತ್ರದ ಹುಡುಗ ‘ಬಂಗಾರ ಬಂಗಾರ ಅಂತೀಯಲ್ಲೇ’ ಎಂದು ಕಪಾಳಕ್ಕೆ ಹೊಡೆದ, ಜನ ಚಪ್ಪಾಳೆ ತಟ್ಟಿದರು. ಇನ್ನೊಬ್ಬ ಬಂದು ಒಂದು ಬಲೂನು ಒಡೆದ, ಸಿಳ್ಳೆ ಬಿದ್ದವು. ಕಡೆಗೆ ಸೆರಗು ಹಿಡಿದು ಎಳೆದರು. ಪರ್‍ರ್ ಎಂದ ಸದ್ದು ಮೂರನೆಯ ಸಾಲಿನಲ್ಲಿದ್ದ ನನಗೂ ಕೇಳಿತು. ಅಷ್ಟರಲ್ಲಿ ಪಕ್ಕಕ್ಕೆ ನೋಡಿದೆ. ಮಗಳು ನಗುವುದನ್ನು ಬಿಟ್ಟಿದ್ದಳು. ವೇಲನ್ನು ಕುತ್ತಿಗೆಯಿಂದ ಕೆಳಗೆ ಎಳೆದುಕೊಂಡು, ಎರಡೂ ಕೈ ಕಟ್ಟಿ, ಮುಂದೆ ಬಾಗಿ ಕೂತಿದ್ದಳು. ಆ ವಯಸ್ಸಿನಲ್ಲಿ ನಾನೂ ಹಾಗೆಯೇ ಕೂತದ್ದುಂಟು. ಅಲ್ಲಿ ನೀನು ಬರೇ ನಿನ್ನನ್ನು ನೋಡಿ ನಗಿಸುತ್ತಿರಲಿಲ್ಲ ತಮ್ಮಾ. ಅವಳ ಮೈಯನ್ನು ತೋರಿಸಿ ನಗಿಸುತ್ತಿದ್ದೆ. ಅದು ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

‘ಗಂಡಸರು ಹೆಣ್ಣುವೇಷ ಹಾಕೋದು ನಮ್ಮ ಕಡೆ ಹಳೇದಲ್ಲೇನ್ರಿ’ ಎಂದು ನೀನು ಕೇಳಬಹುದು. ಹಳೆಯದೇ. ನಮ್ಮಪ್ಪನೇ ಹಾಕುತ್ತಿದ್ದ. ಮಾನ್ವಿ ತಾಲೂಕಿನ ನಮ್ಮೂರಲ್ಲಿ ದೊಡ್ಡಾಟ ಕಟ್ಟಿದಾಗಲೆಲ್ಲ ದ್ರೌಪದಿ ಅವನದೇ. ಆಟ ಕಲಿಸುವ ಮಾಸ್ತರ ಮೀಸೆ ತೆಗೆಸು ಎಂದಾಗ ತೆಗೆಸಿಕೊಂಡು ಬಂದ. ಹಾದಿಯಲ್ಲಿ ಕಂಡವರೆಲ್ಲ ‘ಯಾರು ತೀರಿಕೊಂಡ್ರಪಾ?’ ಎಂದು ಗಾಬರಿಯಿಂದ ಕೇಳಿದರಂತೆ; ಹೆತ್ತವರು ಹೋದಾಗ ಮಾತ್ರ ಮೀಸೆ ತೆಗೆಯುವ ಕಾಲ ಅದು. ಅಪ್ಪನೂ ಎದೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ, ಅವ್ವನ ಇದೇ ಸೀರೆ ಉಡುತ್ತಿದ್ದ. ದುಶ್ಶಾಸನ ಸೆರಗಿಗೆ ಕೈ ಹಾಕಿದಾಗ ಮದ್ದಳೆ ನಿಲ್ಲುತ್ತಿತ್ತು. ಗ್ಯಾಸ್‌ಬತ್ತಿಯ ಸುಂಯ್ ಸದ್ದೊಂದೇ. ಚಾಪೆಯ ಮೇಲೆ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಅವರಲ್ಲಿ ಅವ್ವನೂ ಒಬ್ಬಳು. ಆ ಸೀರೆಯೊಳಗೆ ಇರುವುದು ತನ್ನ ಗಂಡ ಎಂಬುದು ಅವಳಿಗೆ ಗೊತ್ತಿಲ್ಲವೇ? ಆದರೂ ಅಳುತ್ತಿದ್ದಳು. ಅಪ್ಪನ ಮಗಳಾಗಿ ಹೇಳುತ್ತೇನೆ: ಅದೇ ಸೀರೆ, ಅದೇ ಸೆರಗು ಎಳೆಯುವ ಸನ್ನಿವೇಶ, ಒಳಗೆ ಇದ್ದದ್ದೂ ಗಂಡಸೇ. ಅಲ್ಲಿ ಊರು ಅತ್ತಿತು, ನಿಮ್ಮಲ್ಲಿ ಸಿಳ್ಳೆ ಬಿತ್ತು.

ಆ ಕಾಲವನ್ನೇನೂ ನಾನು ಹೊಗಳಿ ಕೂರುವುದಿಲ್ಲ. ಹೆಣ್ಣುಪಾತ್ರ ಗಂಡಸರ ಪಾಲಾದದ್ದು ರಂಗ ಏರಿದ ಹೆಣ್ಣನ್ನು ಊರು ಕೆಟ್ಟವಳೆಂದು ಕರೆಯುತ್ತಿದ್ದುದರಿಂದ. ಮರಾಠಿ ರಂಗದಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ ಬಾಲಗಂಧರ್ವರು ಉಟ್ಟ ಸೀರೆ, ತೊಟ್ಟ ಒಡವೆಯನ್ನು ದೊಡ್ಡ ಮನೆತನದ ಹೆಂಗಸರು ನೋಡಿ ಕಲಿತರು. ಅವೇ ಮನೆತನಗಳ ಮಗಳು ಬಣ್ಣ ಹಚ್ಚುವುದು ಮಾತ್ರ ಆಗದ ಮಾತಾಗಿತ್ತು.

ಇದರ ಇನ್ನೊಂದು ಮಗ್ಗುಲು ನೋಡು. 1958ರಲ್ಲಿ ಆರ್. ನಾಗರತ್ನಮ್ಮ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಅದರಲ್ಲಿ ಗಂಡುಪಾತ್ರಗಳೂ ಹೆಂಗಸರವೇ. ಕಂಸ, ರಾವಣ, ಭೀಮ, ಎಲ್ಲ ಅವರೇ ಮಾಡಿದರು. 2012ರಲ್ಲಿ ಪದ್ಮಶ್ರೀಯೂ ಬಂತು. ಗದೆ ಹೊತ್ತು ಅವರು ರಂಗಕ್ಕೆ ಬಂದರೆ ಜನ ಬೆರಗಾಗುತ್ತಿದ್ದರು. ಹೆಂಗಸು ಮೀಸೆ ಅಂಟಿಸಿಕೊಂಡದ್ದೇ ಒಂದು ನಗೆಯಾಗಲಿಲ್ಲ. ಹೆಣ್ಣು ಗಂಡಿನ ಉಡುಪು ತೊಟ್ಟರೆ ಮೇಲಕ್ಕೆ ಹತ್ತಿದಂತೆ, ಗಂಡು ಹೆಣ್ಣಿನದು ಉಟ್ಟರೆ ಕೆಳಕ್ಕೆ ಬಿದ್ದಂತೆ ನಮ್ಮ ಕಣ್ಣಿಗೆ ಕಾಣುತ್ತದೆ. ನಿಮ್ಮ ನಗೆಯ ಬಂಡವಾಳ ಈ ಬೀಳುವಿಕೆಯೇ. ಹೆಣ್ಣಾಗುವುದು ಬೀಳುವುದು ಅನ್ನಿಸದೆ ಇದ್ದರೆ ಆ ಸಂಜೆ ಅರ್ಧ ಸಿಳ್ಳೆ ಬೀಳುತ್ತಿರಲಿಲ್ಲ.

ಅದು ನಾಟಕದಲ್ಲಷ್ಟೇ ಇಲ್ಲ. ಅಧಿಕಾರಿ ಕೆಲಸ ಮಾಡಲಿಲ್ಲ ಎಂದು ಸಿಟ್ಟು ಬಂದರೆ ನಮ್ಮ ಹೋರಾಟಗಾರರು ಆಫೀಸಿನ ಮುಂದೆ ಸೀರೆ, ಬಳೆ, ಕುಂಕುಮದ ತಟ್ಟೆ ಇಟ್ಟು ಬರುತ್ತಾರೆ. ‘ಕೈಲಾಗದಿದ್ರ ಬಳಿ ತೊಟ್ಕೊಂಡು ಕೂಡ್ರಿ.’ ಎಷ್ಟೋ ಸಲ ಆ ತಟ್ಟೆ ಹಿಡಿದು ಮುಂದೆ ನಿಲ್ಲುವವರು ಹೆಂಗಸರೇ, ಅದು ನನಗೆ ಇನ್ನೂ ಸಂಕಟ. ಮಳೆಗಾಲದಲ್ಲಿ ಮಾನ್ವಿ ಕಡೆ ಬಾ. ಭತ್ತದ ನಾಟಿ ನಡೆದಾಗ ಹೊಲದಲ್ಲಿ ಬೆಳಗಿನಿಂದ ಬಾಗಿದ ಬೆನ್ನು ಎತ್ತದೆ ಸಸಿ ಊರುವ ಕೈಗಳಲ್ಲಿ ಹಸಿರು ಗಾಜಿನ ಬಳೆಗಳಿರುತ್ತವೆ, ಮೊಳಕೈತನಕ ಕೆಸರಿರುತ್ತದೆ. ಕೈಲಾಗದವರ ಗುರುತಂತೆ ಆ ಬಳೆ!

ಪಕ್ಕದ ಯಾದಗಿರಿ ತಾಲೂಕಿನ ಮಲ್ಹಾರದ ಸುದ್ದಿ ನೀನೂ ಫೋನಿನಲ್ಲಿ ನೋಡಿರುತ್ತೀಯ. 2025ರಲ್ಲಿ ಬಯಲಿಗೆ ಬಂತು. ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಗಂಡಸರು ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಹೆಣ್ಣಾಳುಗಳಂತೆ ನಿಂತ ಫೋಟೊ ಹಾಜರಾತಿಯ ಆ್ಯಪಿಗೆ ಏರಿತ್ತು. ನಾಡೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಆಗಿತ್ತು, ಗಂಡಾಳಿಗೂ ಹೆಣ್ಣಾಳಿಗೂ ಒಂದೇ. ಊರ ಹೊಲಗಳಲ್ಲಿ ಹಾಗಿಲ್ಲ, ಹೆಣ್ಣಿಗೆ ಕಡಿಮೆಯೇ. ಸಮ ಕೂಲಿ ಸಿಗುವ ಜಾಗ ಎಂದೇ ಹೆಂಗಸರು ಖಾತ್ರಿ ಕೆಲಸಕ್ಕೆ ಕಾಯುತ್ತಾರೆ. ಆ ಫೋಟೊದಲ್ಲಿ ಸೀರೆಗಳಿದ್ದವು. ಸೀರೆ ಉಟ್ಟವಳಿಗೆ ಸೇರಬೇಕಾದ ಕೆಲಸ, ಕೂಲಿ ಎಲ್ಲಿ ಹೋದವು ಎಂದು ನಗುವವರಲ್ಲಿ ಕೇಳಿದವರು ಕಡಿಮೆ.

ಇನ್ನೊಂದು ಮಾತಿದೆ. ಅದನ್ನು ಬರೆಯಲಿಕ್ಕೇ ಈ ಪತ್ರಕ್ಕೆ ಕೂತದ್ದು ಎಂದರೂ ಸರಿ.

ಗ್ಯಾದರಿಂಗಿನ ಮರುದಿನ ನಾನು ಮಾನ್ವಿಗೆ ಹೊರಟಿದ್ದೆ, ರಾಯಚೂರು ಬಸ್ ನಿಲ್ದಾಣದಲ್ಲಿ ನೀನೂ ನಿನ್ನ ಗೆಳೆಯರೂ ಕಂಡಿರಿ. ಮಡಿಚಿದ ಸೀರೆ ಪ್ಲಾಸ್ಟಿಕ್ ಚೀಲದಲ್ಲಿ ನಿನ್ನ ಕೈಯಲ್ಲೇ ಇತ್ತು. ಆಗ ಒಬ್ಬ ಜೋಗಮ್ಮ ಬಂದಳು. ಹುಟ್ಟಿದಾಗ ಮನೆಯವರು ಗಂಡೆಂದು ಹೆಸರಿಟ್ಟಿದ್ದ ಜೀವ. ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು, ಹಣೆತುಂಬ ಭಂಡಾರ ಹಚ್ಚಿ, ಕಂಕುಳಲ್ಲಿ ಚೌಡಿಕೆ ಇಟ್ಟುಕೊಂಡು ನೀರಮಾನ್ವಿ ಯಲ್ಲಮ್ಮನ ಗುಡಿಗೆ ಹೊರಟಿದ್ದಳು. ನಿನ್ನ ಗೆಳೆಯರಲ್ಲಿ ಒಬ್ಬ ಅಂಗೈ ಅಡ್ಡ ಮಾಡಿ ಚಪ್ಪಾಳೆ ತಟ್ಟಿದ, ಹಿಂದಿನ ಸಂಜೆ ರಂಗದ ಮೇಲೆ ನೀನು ತೆಗೆದ ಅದೇ ಕೀರಲು ದನಿ ತೆಗೆದ. ಅವಳು ತಿರುಗಿ ನೋಡಲಿಲ್ಲ. ರೂಢಿಯಾಗಿರಬೇಕು. ಬಸ್ಸು ಹತ್ತಿ ಕಡೆಯ ಸೀಟಿಗೆ ಹೋಗಿ ಕೂತಳು, ಪಕ್ಕದಲ್ಲಿದ್ದವ ಎದ್ದು ನಿಂತ. ನೀನು ನಗಲಿಲ್ಲ, ಅದನ್ನೂ ನೋಡಿದೆ. ಆದರೆ ಚೀಲವನ್ನು ಬೆನ್ನ ಹಿಂದೆ ಮರೆಮಾಡಿದೆ.

ನಿನ್ನ ಸೀರೆ ಒಂದು ಗಂಟೆಯದು. ಬಿಚ್ಚಿಟ್ಟರೆ ನೀನು ಮತ್ತೆ ಗಂಡಸು, ಮೇಲೆ ಬಹುಮಾನ ಬೇರೆ. ಅವಳದು ಬಿಚ್ಚಿಡುವ ಸೀರೆಯಲ್ಲ. ರಾಯಚೂರು ನಿಜಾಮನ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಫಸಲಿ 1329, ಅಂದರೆ 1919ರಲ್ಲಿ, ಇಂಥವರ ಹೆಸರು ದಫ್ತರದಲ್ಲಿ ಬರೆದಿಡುವ ಕಾನೂನು ಬಂತು. ಹಾಗೆ ಹೆಸರು ದಾಖಲಾದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಹಾಡಿ ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಜೈಲು. ತೆಲಂಗಾಣ ಹೈಕೋರ್ಟ್ ಆ ಕಾನೂನನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ. ನಮ್ಮ ಕರ್ನಾಟಕದ ಪೊಲೀಸ್ ಕಾಯ್ದೆಗೂ 2011ರಲ್ಲಿ 36ಎ ಎಂಬ ಕಲಂ ಸೇರಿಸಿ ಇಂಥದೇ ಪಟ್ಟಿಗೆ ದಾರಿ ಮಾಡಿದ್ದರು. ನಗಿಸಲು ಉಟ್ಟ ಸೀರೆಗೆ ಚಪ್ಪಾಳೆ, ಬದುಕಲು ಉಟ್ಟ ಸೀರೆಗೆ ಪೊಲೀಸು.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯ ಹೆಸರು ನೀನು ಕೇಳಿರುತ್ತೀಯ. ಜೋಗತಿ ಕುಣಿತ ಕುಣಿದು, ಕೊಡ ಹೊತ್ತು, ಹಸಿವನ್ನೂ ಅವಮಾನವನ್ನೂ ಉಂಡು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ಅವರ ದೃಷ್ಟಿ ತೆಗೆದರು. ಆ ವಿಡಿಯೊ ಒಮ್ಮೆ ಹುಡುಕಿ ನೋಡು. ಸೆರಗಿನ ತುದಿ ಬೆರಳಲ್ಲಿ ಹೇಗೆ ಹಿಡಿಯುತ್ತಾರೆ ಎಂಬುದನ್ನು ನೋಡು. ನಮ್ಮ ಅಜ್ಜಿಯರೆಲ್ಲ ಹಾಗೆಯೇ ಹಿಡಿಯುತ್ತಿದ್ದರು.

ಇಷ್ಟೆಲ್ಲ ಹೇಳಿ ಸೀರೆ ಉಡಬೇಡ ಎಂದು ಮುಗಿಸುತ್ತೇನೆ ಎಂದುಕೊಂಡೆಯಾ? ಇಲ್ಲ. ನಮ್ಮ ಹುಡುಗರು ಸೀರೆ ಮುಟ್ಟುವುದಕ್ಕೂ ಹೆದರುವ ಊರು ನನಗೆ ಬೇಡ. ತಮಾಷೆಯ ನೆಪ ಇಲ್ಲದಿದ್ದರೆ ಹೆಣ್ಣುಡುಗೆಯ ಆಸೆಯನ್ನು ಬಾಯಿಬಿಟ್ಟು ಹೇಳಲಾಗದ ಹುಡುಗರೂ ನಿಮ್ಮ ನಡುವೆ ಇರಬಹುದು. ವರ್ಷಕ್ಕೊಂದು ಸಂಜೆ, ನಗಿಸುತ್ತೇನೆ ಎಂಬ ಮಾತಿನ ಮರೆಯಲ್ಲಿ ಅಷ್ಟು ಹೊತ್ತು ಉಸಿರಾಡಿಕೊಳ್ಳುವವರು. ಅಂಥವನೊಬ್ಬ ಬಸ್ ನಿಲ್ದಾಣದಲ್ಲಿ ನಿಮ್ಮ ಜೊತೆಗೇ ನಿಂತು ಆ ಚಪ್ಪಾಳೆಯ ಅಣಕ ನೋಡಿದ್ದರೆ ಏನಾಗಿರಬೇಕು ಎಂದು ರಾತ್ರಿ ಮಲಗಿದಾಗ ಯೋಚಿಸಿದೆ. ಹೋಳಿಯ ಸೋಗೂ ಇರಲಿ, ನಗೆಯೂ ಇರಲಿ. ಹೆಂಡತಿ ಪಾರ್ಟಿಗೂ ಬಾಯಿ ಕೊಡಿ. ಗಂಡ ಕಪಾಳಕ್ಕೆ ಕೈ ಎತ್ತಿದಾಗ ಅವಳು ತಿರುಗಿ ಒಂದು ಮಾತು ಆಡಲಿ, ಆ ಮಾತಿಗೆ ಜನ ನಗಲಿ. ಮುಂದಿನ ಸಾಲಿನ ಹುಡುಗಿಯರು ಎಷ್ಟು ಜೋರಾಗಿ ನಗುತ್ತಾರೆ ನೋಡುವೆಯಂತೆ.

ನೀನು ತಂದುಕೊಟ್ಟ ಸೀರೆಯಲ್ಲಿ ಟೋಪ್ ತೆನಿಯ ಹತ್ತಿರ ಒಂದು ಗೇಣು ಹರಿದಿತ್ತು. ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊನ್ನೆ ಕೂತು ಕೆಂಪು ದಾರದಿಂದ ರಫೂ ಮಾಡಿದೆ, ಮಗಳು ಸೂಜಿಗೆ ದಾರ ಪೋಣಿಸಿಕೊಟ್ಟಳು. ‘ಮುಂದಿನ ವರ್ಷನೂ ಅಣ್ಣಗ ಕೊಡ್ತಿಯೇನು?’ ಎಂದು ಕೇಳಿದಳು. ಕೊಡುತ್ತೇನೆ ಎಂದೆ. ನಿರಿಗೆಯನ್ನೂ ನಾನೇ ಹಿಡಿಯುತ್ತೇನೆ. ಸೀರೆ ಒಯ್ಯುವ ಮೊದಲು ನಿನ್ನ ನಾಟಕದ ಕತೆಯನ್ನು ಅವಳ ಮುಂದೆ ಕೂತು ಒಮ್ಮೆ ಹೇಳಿ ಹೋಗು.

ನಿನ್ನ ಓಣಿಯ ಅಕ್ಕ
ರಾಯಚೂರು